ಅನಾತೋತಿನ ಹೊಲ

ಶಾಸ್ತ್ರಭಾಗ: ಯೆರೆಮೀಯ 32ನೆಯ ಅಧ್ಯಾಯ, 1ರಿಂದ 25ನೆಯ ವಚನಗಳು



ನಮ್ಮ ಹಳ್ಳಿಯ ಸಭೆಗಳಲ್ಲಿ ಆರಾಧನೆ ಮುಗಿದ ಮೇಲೆ ದೇವಾಲಯದ ಬಾಗಿಲ ಬಳಿಯಲ್ಲಿ ನಿಂತು ಮಾತಾಡುವವರ ಬಾಯಲ್ಲಿ ಈಚೆಗೆ ಒಂದು ಪ್ರಶ್ನೆಯು ಪದೇ ಪದೇ ಕೇಳಿಬರುತ್ತದೆ. ಮಗನು ಪಟ್ಟಣದಿಂದ ಸ್ವಲ್ಪ ಹಣ ಕಳುಹಿಸಿದ್ದಾನೆ. ಇಲ್ಲವೆ ಅಡಿಕೆಗೋ ತೊಗರಿಗೋ ಒಂದು ವರ್ಷ ಒಳ್ಳೆಯ ಧಾರಣೆ ಸಿಕ್ಕಿದೆ. ಇಲ್ಲವೆ ನೌಕರಿಯಿಂದ ನಿವೃತ್ತನಾದವನ ಕೈಗೆ ಒಂದು ಗಂಟು ಬಂದಿದೆ. ಊರಲ್ಲಿ ಎರಡು ಎಕರೆ ಮಾರಾಟಕ್ಕಿದೆ. ತಾಲ್ಲೂಕು ಪಟ್ಟಣದ ಹೊರಗೆ ಸೈಟುಗಳನ್ನು ಹಾಕಿದ್ದಾರೆ. ಕೊಳ್ಳಬಹುದೋ, ಬಾರದೋ? ಕಾಲವಾದರೋ ನೆಟ್ಟಗಿಲ್ಲ. 2020ರಲ್ಲಿ ಒಂದು ವ್ಯಾಧಿಯು ನಾಡಿನ ಕೆಲಸಗಳನ್ನೆಲ್ಲಾ ಒಂದೇ ರಾತ್ರಿಯಲ್ಲಿ ನಿಲ್ಲಿಸಿಬಿಟ್ಟಿತು. 2023ರಲ್ಲಿ ಮಳೆ ತಪ್ಪಿ, ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರವೇ ಸಾರಿತು. ದೂರದ ಯುದ್ಧಗಳ ಬಿಸಿಯು ಗೊಬ್ಬರದ ಚೀಲದ ಬೆಲೆಯಲ್ಲಿ ನಮಗೆ ತಟ್ಟಿತು.

“ಉಪದೇಶಿಗಳೇ, ಇಂಥ ಕಾಲದಲ್ಲಿ ಹಣವನ್ನು ಮಣ್ಣಿನಲ್ಲಿ ಹಾಕುವದು ಬುದ್ಧಿಯೋ?” ಎಂದು ಕೇಳುವವರಿಗೆ, “ಇದು ಲೋಕದ ಸಂಗತಿ, ಇದರಲ್ಲಿ ನನ್ನನ್ನು ಎಳೆಯಬೇಡಿರಿ” ಎಂದು ಉತ್ತರ ಕೊಡುವದು ಸುಲಭ. ಆದರೆ ಸತ್ಯವೇದವು ಹಾಗೆ ಮುಖ ತಿರುಗಿಸುವದಿಲ್ಲ. ಅದರಲ್ಲಿ ಒಂದು ಹೊಲದ ಕ್ರಯದ ವೃತ್ತಾಂತವು ಮಾರಿದವನ ಹೆಸರು, ತಂದೆಯ ಹೆಸರು, ಬೆಲೆ, ಸಾಕ್ಷಿಗಳು, ಪತ್ರ ಬರೆದ ರೀತಿ, ಪತ್ರವನ್ನು ಇಟ್ಟ ಪಾತ್ರೆ ಇವುಗಳ ಸಹಿತವಾಗಿ ಬರೆಯಲ್ಪಟ್ಟಿದೆ. ಆ ಕ್ರಯವು ನಡೆದ ಕಾಲವು ನಮ್ಮ ಕಾಲಕ್ಕಿಂತ ಎಷ್ಟೋ ಕೆಟ್ಟದ್ದು.

ಅದು ಯೆಹೂದದ ಅರಸನಾದ ಚಿದ್ಕೀಯನ ಆಳಿಕೆಯ ಹತ್ತನೆಯ ವರುಷ. ಕರ್ತನ ಜನನಕ್ಕೆ ಸುಮಾರು 587 ವರುಷ ಮುಂಚಿನ ಮಾತು. ಬಾಬೆಲಿನ ದಂಡು ಯೆರೂಸಲೇಮಿಗೆ ಮುತ್ತಿಗೆ ಹಾಕಿ, ಗೋಡೆಗಳಿಗೆ ಎದುರಾಗಿ ಮಣ್ಣಿನ ದಿಬ್ಬಗಳನ್ನು ಎಬ್ಬಿಸಿತ್ತು. ಒಳಗೆ ಕ್ಷಾಮ, ವ್ಯಾಧಿ. ಪ್ರವಾದಿಯಾದ ಯೆರೆಮೀಯನು ಅರಸನ ಮನೆಯ ಕಾರಾಗೃಹದ ಅಂಗಳದಲ್ಲಿ ಕಾವಲಿನಲ್ಲಿದ್ದನು. ಅವನ ಅಪರಾಧವೇನಂದರೆ, ಪಟ್ಟಣವು ಶತ್ರುವಿನ ವಶವಾಗುವದೆಂದು ನಿಜವನ್ನು ಹೇಳಿದ್ದೇ. ರೊಟ್ಟಿಗಾರರ ಬೀದಿಯಿಂದ ದಿನಕ್ಕೊಂದು ರೊಟ್ಟಿ ಅವನಿಗೆ ಬರುತ್ತಿತ್ತೆಂದು 37ನೆಯ ಅಧ್ಯಾಯದಲ್ಲಿ ಓದುತ್ತೇವೆ. ಪಟ್ಟಣದಲ್ಲಿ ರೊಟ್ಟಿ ಮುಗಿಯುವ ತನಕ ಮಾತ್ರ.

ಈ ಸೆರೆಯಾಳಿನ ಬಳಿಗೆ ಅವನ ಚಿಕ್ಕಪ್ಪ ಶಲ್ಲೂಮನ ಮಗನಾದ ಹನಮೇಲನು ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ನೀನು ಕೊಂಡುಕೋ, ಸಮೀಪಬಂಧುವಿನ ಹಕ್ಕು ನಿನ್ನದು ಎಂದು ಬೇಡಿಕೊಂಡನು. ಅನಾತೋತ್ ಯೆರೂಸಲೇಮಿನಿಂದ ಈಶಾನ್ಯಕ್ಕೆ ಸುಮಾರು 5 ಕಿಲೋಮೀಟರ್ ದೂರದ ಹಳ್ಳಿ. ಯಾಜಕರ ಊರು, ಯೆರೆಮೀಯನು ಹುಟ್ಟಿದ ಊರು. ಆ ಸೀಮೆಯಲ್ಲೆಲ್ಲಾ ಶತ್ರುವಿನ ದಂಡು ಇಳಿದಿತ್ತು. ಇದಲ್ಲದೆ, ಆ ಊರಿನವರೇ ಒಂದು ಕಾಲದಲ್ಲಿ ಯೆರೆಮೀಯನ ಪ್ರಾಣ ತೆಗೆಯಬೇಕೆಂದು ಹೊಂಚುಹಾಕಿದ್ದರು (11ನೆಯ ಅಧ್ಯಾಯ). ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಮದುವೆಯಾಗಬಾರದೆಂದು ದೇವರೇ ಅವನಿಗೆ ಅಪ್ಪಣೆ ಕೊಟ್ಟಿದ್ದನು. ನೋಡುವದಕ್ಕೆ ಹೋಗಲಾರದ ಹೊಲ, ಉತ್ತುಬಿತ್ತಲಾರದ ಹೊಲ, ಬಿಟ್ಟುಹೋಗುವದಕ್ಕೆ ಮಗನಿಲ್ಲದವನಿಗೆ ಹೊಲ! ನಮ್ಮ ಊರಿನ ಯಾವ ಬುದ್ಧಿವಂತನಾದರೂ ಬೇಡವೆನ್ನುತ್ತಿದ್ದನು. ಆದರೆ ಹನಮೇಲನು ಬರುವನೆಂದು ಯೆಹೋವನು ಮುಂಚಿತವಾಗಿಯೇ ಪ್ರವಾದಿಗೆ ತಿಳಿಸಿದ್ದನು. ಹೇಳಿದಂತೆಯೇ ಅವನು ಬಂದದ್ದನ್ನು ಕಂಡಾಗ, ಇದು ದೇವರ ಮಾತೇ ಸರಿ ಎಂದು ಯೆರೆಮೀಯನು ತಿಳಿದು, ಹೊಲವನ್ನು ಕೊಂಡನು.

ಪ್ರಿಯರೇ, ಇಲ್ಲಿ ತಪ್ಪು ತಿಳುವಳಿಕೆಗೆ ದಾರಿ ಉಂಟು. ಯೆರೆಮೀಯನು ಕಷ್ಟಕಾಲದಲ್ಲಿ ಹೊಲ ಕೊಂಡನು, ಆದದರಿಂದ ನಾವೂ ಕಷ್ಟಕಾಲದಲ್ಲಿ ಬೆಲೆ ಇಳಿದಾಗ ಕೊಂಡರೆ ದೇವರು ಹೆಚ್ಚಿಸಿಕೊಡುವನು ಎಂದು ಕೆಲವರು ಈ ಅಧ್ಯಾಯವನ್ನು ಹಿಡಿದುಕೊಳ್ಳುತ್ತಾರೆ. ಅದು ಈ ಅಧ್ಯಾಯದ ಬೋಧನೆಯಲ್ಲ. ಬೆಲೆ ಏರುವದೆಂದು ಯೆರೆಮೀಯನು ಕೊಳ್ಳಲಿಲ್ಲ. ಬಾಬೆಲಿಗೆ 70 ವರುಷ ತುಂಬಬೇಕೆಂದು ಸಾರಿದವನು ಅವನೇ. ತನ್ನ ಜೀವಮಾನದಲ್ಲಿ ಆ ಹೊಲದಿಂದ ಒಂದು ಸೇರು ಗೋಧಿಯೂ ಮನೆಗೆ ಬರುವದಿಲ್ಲವೆಂದು ಚೆನ್ನಾಗಿ ಅರಿತವನು ಅವನೇ. ಎರಡು ವರುಷದ ಮಾತು ಹೇಳಿದವನು ಬೇರೊಬ್ಬನು, ಗಿಬ್ಯೋನಿನ ಹನನ್ಯನೆಂಬವನು. ಎರಡೇ ವರುಷದೊಳಗೆ ಬಾಬೆಲಿನ ನೊಗ ಮುರಿದುಹೋಗುವದು, ಸೆರೆಹೋದವರೆಲ್ಲಾ ತಿರುಗಿ ಬರುವರು ಎಂದು ಅವನು ದೇವಾಲಯದಲ್ಲಿ ಎಲ್ಲರ ಮುಂದೆ ಕೂಗಿ ಹೇಳಿದನು. ಜನರಿಗೆ ಆ ಮಾತು ಸಿಹಿಯಾಗಿತ್ತು. ಆದರೆ ಅದು ಸುಳ್ಳು. 28ನೆಯ ಅಧ್ಯಾಯವನ್ನು ಮನೆಯಲ್ಲಿ ಓದಿ ನೋಡಿರಿ.

ಹನನ್ಯನು ಸತ್ತರೂ ಅವನ ಎರಡು ವರುಷದ ಮಾತು ಇನ್ನೂ ಸಾಯಲಿಲ್ಲ. ಬಣ್ಣದ ಕಾಗದದ ಮೇಲೆ ನಕ್ಷೆ ಬರೆಸಿಕೊಂಡು ಬರುವ ದಲ್ಲಾಳಿಯು, “ಅಣ್ಣಾ, ಎರಡು ವರುಷ ಇಟ್ಟುಕೊಳ್ಳಿರಿ, ಎರಡು ಪಟ್ಟಾಗುತ್ತದೆ, ಹೈವೇ ಇಲ್ಲಿಯೇ ಬರುತ್ತದೆ, ಕಾಲೇಜು ಇಲ್ಲಿಯೇ ಬರುತ್ತದೆ” ಎನ್ನುವಾಗ ನಾನು ಹನನ್ಯನನ್ನು ನೆನಸಿಕೊಳ್ಳುತ್ತೇನೆ. ಹೈವೇ ಬಂದರೂ ಬರಬಹುದು. ಆದರೆ ನಾಳೆಯ ಬೆಲೆಯನ್ನು ಬಲ್ಲೆನೆಂದು ಹೇಳುವವನು ತನಗೆ ತಿಳಿಯದ್ದನ್ನು ಮಾರುತ್ತಾನೆ. ಆದದರಿಂದ ನನ್ನನ್ನು ಕೇಳುವವರಿಗೆ ನಾನು ಮೊದಲು ಕೇಳುವದು ಇದೇ: ನಿನ್ನ ಜೀವಮಾನದಲ್ಲಿ ಈ ನೆಲದ ಬೆಲೆ ಒಂದು ರೂಪಾಯಿಯಷ್ಟೂ ಏರದಿದ್ದರೆ, ಆಗಲೂ ಇದು ನಿನಗೆ ಬೇಕೋ? ಉಳುವದಕ್ಕೆ, ವಾಸಮಾಡುವದಕ್ಕೆ, ಮಕ್ಕಳಿಗೆ ಬಿಡುವದಕ್ಕೆ ಬೇಕು ಎನ್ನುವವನಿಗೆ ಕಾಲದ ಅನಿಶ್ಚಯವು ದೊಡ್ಡ ಅಡ್ಡಿಯಲ್ಲ. ಎರಡು ವರುಷದಲ್ಲಿ ಮಾರುವದಕ್ಕೆ ಮಾತ್ರ ಬೇಕು ಎನ್ನುವವನು ಹೊಲ ಕೊಳ್ಳುವದಿಲ್ಲ. ಹನನ್ಯನ ಮಾತನ್ನು ಕೊಳ್ಳುತ್ತಾನೆ.

ಇನ್ನು ಹಣದ ಸಂಗತಿ. ಯೆರೆಮೀಯನು 17 ಶೇಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟನು. ಆ ಕಾಲದ ಒಂದು ಶೇಕೆಲ್ ಸುಮಾರು 11 ಗ್ರಾಂ. ನಮ್ಮ ಅಜ್ಜಂದಿರ ತೊಲಕ್ಕೆ ಸ್ವಲ್ಪವೇ ಕಡಿಮೆ. ಹಾಗಾದರೆ ಎಲ್ಲಾ ಸೇರಿ 200 ಗ್ರಾಂ ಬೆಳ್ಳಿಗೆ ಹತ್ತಿರ. ಹೊಲದ ಅಳತೆಯನ್ನು ಶಾಸ್ತ್ರವು ಹೇಳದ್ದರಿಂದ ಅದು ಅಗ್ಗವೋ ತುಟ್ಟಿಯೋ ಎಂದು ನಾವು ವಾದಿಸಬೇಕಾಗಿಲ್ಲ. ಗಮನಿಸಬೇಕಾದದ್ದು ಇಷ್ಟೇ: ಬೆಳ್ಳಿಯು ಅವನ ಕೈಯಲ್ಲಿತ್ತು, ಪೂರ್ಣವಾಗಿ ತೂಗಲ್ಪಟ್ಟಿತು, ನಾಳೆ ಕೊಡುವೆನೆಂಬ ಮಾತು ಅಲ್ಲಿ ಇಲ್ಲ.

ನಮ್ಮವರಲ್ಲಿ ಅನೇಕರು ಎಡವುವದು ಇಲ್ಲಿಯೇ. ಮುಂಗಡಕ್ಕೆ ಕೈಯಲ್ಲಿದ್ದ ಹಣ, ಉಳಿದದ್ದಕ್ಕೆ ಹೆಂಡತಿಯ ಕೊರಳಿನದು ಅಡವು, ಅದೂ ಸಾಲದಿದ್ದರೆ ತಿಂಗಳಿಗೆ ನೂರಕ್ಕೆ ಎರಡು ಮೂರು ಬಡ್ಡಿಯ ಕೈಸಾಲ. ನೂರಕ್ಕೆ ಮೂರೆಂದರೆ ವರುಷಕ್ಕೆ 36. ಒಂದು ಲಕ್ಷದ ಸಾಲಕ್ಕೆ ವರುಷಕ್ಕೆ 36,000 ರೂಪಾಯಿ ಬಡ್ಡಿಯಾಗುತ್ತದೆ. ಯಾವ ಬೆದ್ದಲು ಹೊಲವು ಅಷ್ಟನ್ನು ಕೊಟ್ಟೀತು? ಮಳೆ ಒಂದು ವರುಷ ತಪ್ಪಿದರೆ ಹೊಸ ಹೊಲದ ಸಂಗಡ ಹಳೆಯ ಹೊಲವೂ ಹೋಗುವದು. ಗೋಪುರ ಕಟ್ಟುವವನು ಮೊದಲು ಕೂತುಕೊಂಡು ಖರ್ಚನ್ನು ಲೆಕ್ಕಿಸಬೇಕೆಂದು ಕರ್ತನೇ ಕಲಿಸಿದನು (ಲೂಕ 14ನೆಯ ಅಧ್ಯಾಯ). ಆ ಲೆಕ್ಕವನ್ನು ಮಾಡುವಾಗ ಹೆಂಡತಿಯನ್ನು ಹತ್ತಿರ ಕೂಡ್ರಿಸಿಕೊಳ್ಳಿರಿ. ಜ್ಞಾನೋಕ್ತಿಗಳ ಕಡೆಯ ಅಧ್ಯಾಯದಲ್ಲಿ ಹೊಲವನ್ನು ಆಲೋಚಿಸಿ ಕೊಳ್ಳುವವಳು ಗೃಹಿಣಿಯೇ ಹೊರತು ಗಂಡನಲ್ಲ! ಮನೆಯಲ್ಲಿ ಎಷ್ಟು ಅಕ್ಕಿ ಉಳಿದಿದೆ, ಮಗಳ ಶಾಲೆಯ ಫೀಸು ಯಾವ ತಿಂಗಳು, ಅತ್ತೆಯ ಔಷಧಕ್ಕೆ ಎಷ್ಟು ಎಂಬದನ್ನು ಅವಳು ನಮಗಿಂತ ಚೆನ್ನಾಗಿ ಬಲ್ಲಳು.

2020ರ ಮಾರ್ಚಿಯಲ್ಲಿ ಕೆಲಸಗಳು ನಿಂತು ಪಟ್ಟಣಗಳಿಂದ ಜನರು ಊರಿಗೆ ಬಂದಾಗ ನಾವು ಎರಡು ಬಗೆಯವರನ್ನು ನೋಡಿದೆವು. ಊರಲ್ಲಿ ಅರ್ಧ ಎಕರೆಯಾದರೂ ಇದ್ದವರ ಮನೆಯಲ್ಲಿ ಜೋಳದ ರೊಟ್ಟಿಗೆ ಕೊರತೆಯಾಗಲಿಲ್ಲ. ಆಗ ಎಲ್ಲರೂ ಭೂಮಿಯೇ ದೊಡ್ಡದು ಅಂದರು. ಆದರೆ ಇದ್ದ ಹಣವನ್ನೆಲ್ಲಾ ಸೈಟಿಗೆ ಹಾಕಿ ಕಂತು ಕಟ್ಟುತ್ತಿದ್ದವರ ಪಾಡು ಬೇರೆ. ಸೈಟು ಊಟಕ್ಕಾಗಲಿಲ್ಲ, ಮಾರುವದಕ್ಕೆ ಕೊಳ್ಳುವವನಿರಲಿಲ್ಲ, ಕಂತು ಮಾತ್ರ ತಪ್ಪಲಿಲ್ಲ. ಭೂಮಿಯು ಅವಸರಕ್ಕೆ ಹಣವಾಗುವ ಪದಾರ್ಥವಲ್ಲ. ಆದದರಿಂದ ಆರು ತಿಂಗಳ ಊಟಕ್ಕೂ ಒಂದು ಆಸ್ಪತ್ರೆಯ ಖರ್ಚಿಗೂ ಸಾಲುವಷ್ಟು ಹಣವನ್ನು ಬೇರೆ ಇಡಲಾರದವನು ಈ ವರುಷ ಭೂಮಿ ಕೊಳ್ಳಬಾರದೆಂಬದು ನನ್ನ ಅಭಿಪ್ರಾಯ. ಇದರಲ್ಲಿ ನಾಚಿಕೆಯೇನೂ ಇಲ್ಲ. ಭೂಮಿಯಿಲ್ಲದವನು ದೇವರ ಮುಂದೆ ಕಡಿಮೆಯವನಲ್ಲ. ನಮ್ಮ ಕರ್ತನಿಗೂ ತಲೆಯಿಡುವಷ್ಟು ಸ್ಥಳವಿರಲಿಲ್ಲ.

ಪತ್ರದ ಮಾತಿಗೆ ಬರೋಣ. ಶಾಸ್ತ್ರವು ಇಲ್ಲಿ ಬಹಳ ಸಾವಕಾಶವಾಗಿ, ಒಬ್ಬ ಶ್ಯಾನುಭೋಗನಂತೆ, ಒಂದೊಂದನ್ನೂ ಬರೆಯುತ್ತದೆ. ಯೆರೆಮೀಯನು ಕ್ರಯಪತ್ರಕ್ಕೆ ರುಜು ಹಾಕಿದನು, ಮುದ್ರೆ ಒತ್ತಿದನು, ಸಾಕ್ಷಿಗಳಿಂದ ರುಜು ಹಾಕಿಸಿದನು. ಪತ್ರವು ಎರಡು: ಒಂದು ಮುಚ್ಚಿ ಮುದ್ರಿಸಿದ್ದು, ಇನ್ನೊಂದು ತೆರೆದದ್ದು. ತೆರೆದದ್ದನ್ನು ಯಾರಾದರೂ ಓದಬಹುದು. ಯಾರಾದರೂ ಅದನ್ನು ತಿದ್ದಿದರೆ ಮುಚ್ಚಿದ್ದನ್ನು ಬಿಚ್ಚಿ ಹೋಲಿಸಬಹುದು. ಇದೇ ವಿಧವಾದ ಜೋಡಿಪತ್ರಗಳು 1961ರಲ್ಲಿ ಲವಣಸಮುದ್ರದ ಬಳಿಯ ಒಂದು ಗವಿಯಲ್ಲಿ, ಕ್ರಿಸ್ತಶಕ ಎರಡನೆಯ ಶತಮಾನದಲ್ಲಿದ್ದ ಬಾಬತಾ ಎಂಬ ಯೆಹೂದ್ಯ ಸ್ತ್ರೀಯ ಕಾಗದಗಳ ಕಟ್ಟಿನಲ್ಲಿ ಸಿಕ್ಕಿವೆ. ಯೆರೆಮೀಯನ ಎರಡು ಪತ್ರಗಳನ್ನೂ ನೇರೀಯನ ಮಗನಾದ ಬಾರೂಕನು ಎಲ್ಲರ ಎದುರಿನಲ್ಲಿ ತೆಗೆದುಕೊಂಡು, ಬಹು ದಿನ ಉಳಿಯುವ ಹಾಗೆ ಮಣ್ಣಿನ ಗಡಿಗೆಯಲ್ಲಿ ಇಡಬೇಕಾಯಿತು. ಮಣ್ಣಿನ ಗಡಿಗೆ ಎಷ್ಟು ದಿನ ಕಾಪಾಡೀತು ಎಂದು ನಗುವವರಿಗೆ ಒಂದು ಮಾತು: 1947ರಲ್ಲಿ ಅದೇ ಲವಣಸಮುದ್ರದ ದಡದ ಕುಮ್ರಾನಿನ ಗವಿಯೊಂದರಲ್ಲಿ ಮಣ್ಣಿನ ಗಡಿಗೆಗಳೊಳಗೆ ಸಿಕ್ಕಿದ ಸುರುಳಿಗಳು ಸುಮಾರು ಎರಡು ಸಾವಿರ ವರುಷ ಹಳೆಯವು.

ಲೋಕವೇ ಮುಗಿಯುತ್ತದೆಂಬಂಥ ದಿನದಲ್ಲಿ, ತನ್ನ ಸ್ವಂತ ಚಿಕ್ಕಪ್ಪನ ಮಗನ ಸಂಗಡ ವ್ಯವಹರಿಸುವಾಗ, ದೇವರ ಪ್ರವಾದಿಯು ಕಾಗದವನ್ನು ಇಷ್ಟು ಕಟ್ಟುನಿಟ್ಟಾಗಿ ಮಾಡಿಸಿದನು. ನಾವಾದರೋ, “ನಮ್ಮವರೇ, ಸಭೆಯವರೇ, ನಂಬಿಕೆಯ ಮೇಲೆ ಆಗಲಿ” ಎಂದು ನೂರು ರೂಪಾಯಿಯ ಸ್ಟ್ಯಾಂಪ್ ಕಾಗದದ ಮೇಲೆ ಎರಡು ಸಾಲು ಬರೆಸಿಕೊಂಡು ಮನೆಗೆ ಬರುತ್ತೇವೆ. ವಿಶ್ವಾಸವೆಂದರೆ ಇದಲ್ಲ. 100 ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯಪತ್ರವು ನೋಂದಣಿಯಾಗಲೇಬೇಕೆಂದು 1908ರ ಕಾಯಿದೆಯೇ ಹೇಳುತ್ತದೆ. ಜನರಲ್ ಪವರ್ ಆಫ್ ಅಟಾರ್ನಿ ಮಾಡಿಕೊಟ್ಟರೆ ಸಾಕು ಎನ್ನುವವರ ಮಾತನ್ನು ಕೇಳಬೇಡಿರಿ; ಅದರಿಂದ ಸ್ವಾಮ್ಯವು ಕೈಬದಲಾಗುವದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟವಾಗಿ ತೀರ್ಪು ಕೊಟ್ಟಿದೆ. ಪಹಣಿಯಲ್ಲಿ ಯಾರ ಹೆಸರಿದೆ, ಪೋಡಿ ಆಗಿದೆಯೋ, ಸಬ್‌ರಿಜಿಸ್ಟ್ರಾರರ ಕಚೇರಿಯ ಋಣಭಾರ ಪತ್ರದಲ್ಲಿ ಸಾಲವೇನಾದರೂ ಕಾಣುತ್ತದೆಯೋ ನೋಡಿರಿ. ಸೈಟಾದರೆ, ಆ ನೆಲವು ವ್ಯವಸಾಯದಿಂದ ವಾಸಕ್ಕೆ ಪರಿವರ್ತನೆಯಾಗಿದೆಯೋ ಎಂದು ಕೇಳಿರಿ. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯನ್ನು 2016ರ ಕಾಯಿದೆಯಂತೆ ರೇರಾದಲ್ಲಿ ನೋಂದಾಯಿಸಬೇಕು. ನೋಂದಣಿಯ ನಂಬರನ್ನು ಕೇಳಿದ ಕೂಡಲೆ ದಲ್ಲಾಳಿಯ ಮುಖ ಬಾಡಿದರೆ, ನೀವು ಊರಿಗೆ ಹೋಗುವ ಬಸ್ಸು ಹತ್ತಬಹುದು.

ನಮ್ಮ ಸಭೆಗಳವರಿಗೆ ವಿಶೇಷವಾಗಿ ಮೂರು ಸಂಗತಿಗಳನ್ನು ಹೇಳಬೇಕಾಗಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರವು ಮಂಜೂರು ಮಾಡಿದ ಭೂಮಿಯನ್ನು ಸರಕಾರದ ಅಪ್ಪಣೆಯಿಲ್ಲದೆ ಕೊಂಡರೆ ಆ ಕ್ರಯವು ನಿಲ್ಲುವದಿಲ್ಲ. ಇದು 1978ರ ಕಾಯಿದೆ. ಎಷ್ಟು ವರುಷ ಕಳೆದರೂ ದಾವೆಗೆ ಅವಕಾಶ ಉಂಟೆಂದು 2023ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ನಮ್ಮ ಹಿರಿಯರಲ್ಲಿ ಅನೇಕರಿಗೆ ಅಂಥ ಭೂಮಿ ಸಿಕ್ಕಿದ್ದರಿಂದ ಈ ಕಾಯಿದೆಯು ಮಾರುವವನಾಗಿ ನಮಗೂ, ಕೊಳ್ಳುವವನಾಗಿ ನಮಗೂ ತಟ್ಟುತ್ತದೆ. ಎರಡನೆಯದು, ಉಯಿಲು ಬರೆಯದೆ ತೀರಿಹೋದ ಕ್ರೈಸ್ತನ ಆಸ್ತಿಯಲ್ಲಿ 1925ರ ಉತ್ತರಾಧಿಕಾರ ಕಾಯಿದೆಯಂತೆ ವಿಧವೆಗೆ ಮೂರರಲ್ಲೊಂದು ಪಾಲು, ಉಳಿದದ್ದರಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಮದುವೆಯಾಗಿ ಹೋದ ಅಕ್ಕತಂಗಿಯರ ರುಜುವಿಲ್ಲದೆ ಅಣ್ಣತಮ್ಮಂದಿರು ಮಾತ್ರ ಮಾರಿದ ಹೊಲವು ಜಗಳದ ಹೊಲವೆಂದು ತಿಳಿಯಿರಿ. ಮೂರನೆಯದು, ಮಿಶನ್ ಕಾಂಪೌಂಡಿನಲ್ಲಿ ಮೂರು ತಲೆಮಾರಿನಿಂದ ವಾಸವಾಗಿದ್ದರೂ, ನೆಲವು ಸಭೆಯ ಟ್ರಸ್ಟಿನ ಹೆಸರಿನಲ್ಲಿದ್ದರೆ ಅದನ್ನು ಮಾರುವ ಹಕ್ಕು ಆ ಮನೆಯಲ್ಲಿರುವವನಿಗೆ ಇಲ್ಲ, ಸಭೆಯ ಒಬ್ಬ ಹಿರಿಯನಿಗೂ ಇಲ್ಲ.

ಪತ್ರವು ಸರಿಯಿದ್ದರೆ ಎಲ್ಲವೂ ಭದ್ರವೋ ಎಂದರೆ, ಹಾಗೂ ಹೇಳಲಾರೆನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ನೇಯ್ಗೆಯ ಶಾಲೆಗಳನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಕಟ್ಟಿದರು. ಅವರ ಕಾಗದಗಳಲ್ಲಿ ಕೊರತೆಯಿರಲಿಲ್ಲ. ಆದರೂ 1914ರಲ್ಲಿ ಯುದ್ಧ ಹುಟ್ಟಿದಾಗ ಜರ್ಮನ್ ಬೋಧಕರು ಸೆರೆಯಾದರು. ಆ ಕಾರ್ಖಾನೆಗಳೆಲ್ಲಾ ಬೇರೆ ಕೈಗಳಿಗೆ ಹೋದವು. ಅರಸುಗಳು ಹೋರಾಡುವಾಗ ಕ್ರಯಪತ್ರವು ಒಂದು ಕಾಗದವೇ. ಪತ್ರವನ್ನು ಮಾಡಿಸುವದು ನಮ್ಮ ಕೆಲಸ. ಅದರ ಆಚೆಯದು ನಮ್ಮ ಕೈಯಲ್ಲಿಲ್ಲ.

ಹನಮೇಲನ ಕಡೆಯನ್ನೂ ಸ್ವಲ್ಪ ನೋಡಬೇಕು. ಯಾಕಂದರೆ ಕಷ್ಟಕಾಲದಲ್ಲಿ ಮಾರುವವನು ಯಾವಾಗಲೂ ಒಬ್ಬನಿರುತ್ತಾನೆ. ಅವನಿಗೆ ಹಣ ಯಾಕೆ ಬೇಕಾಯಿತೆಂದು ಶಾಸ್ತ್ರವು ಹೇಳುವದಿಲ್ಲ. ಆದರೆ ಮುತ್ತಿಗೆಯಲ್ಲಿ ಪಿತ್ರಾರ್ಜಿತ ಹೊಲವನ್ನು ಮಾರುವವನು ಸುಖಕ್ಕಾಗಿ ಮಾರುವದಿಲ್ಲ. ಯಾಜಕಕಾಂಡದ 25ನೆಯ ಅಧ್ಯಾಯದ ಕ್ರಮದಂತೆ, ಬಡವನಾದ ಸಹೋದರನ ನೆಲವು ಅನ್ಯರ ಪಾಲಾಗದಂತೆ ಬಿಡಿಸುವದು ಸಮೀಪಬಂಧುವಿನ ಕರ್ತವ್ಯ. ಯೆರೆಮೀಯನು ಆ ಕರ್ತವ್ಯವನ್ನು ಮಾಡಿದನು. ಬೆಲೆಯನ್ನು ಮುರಿದು ಕೇಳಿದನೆಂದು ಅಲ್ಲಿ ಬರೆದಿಲ್ಲ. ಅಬ್ರಹಾಮನೂ ಮಕ್ಪೇಲದ ಹೊಲಕ್ಕೆ ಎಫ್ರೋನನು ಹೇಳಿದ 400 ಶೇಕೆಲ್‌ಗಳನ್ನು ಒಂದೂ ಕಡಿಮೆ ಮಾಡದೆ ತೂಗಿ ಕೊಟ್ಟನು.

ಇದಕ್ಕೆ ಎದುರಾದದ್ದು ನೆಹೆಮೀಯನ 5ನೆಯ ಅಧ್ಯಾಯದಲ್ಲಿದೆ. ಕ್ಷಾಮ ಬಂದಾಗ ಬಡವರು ಧಾನ್ಯಕ್ಕಾಗಿ ಹೊಲ, ದ್ರಾಕ್ಷೆತೋಟ, ಮನೆಗಳನ್ನು ತಮ್ಮ ಜನದವರಾದ ಧನಿಕರಲ್ಲಿಯೇ ಒತ್ತೆಯಿಟ್ಟು, ಕಡೆಗೆ ಮಕ್ಕಳನ್ನೂ ದಾಸರನ್ನಾಗಿ ಕೊಡಬೇಕಾಯಿತು. ಧನಿಕರು ತೆಗೆದುಕೊಂಡ ಬಡ್ಡಿ ನೂರಕ್ಕೆ ಒಂದು. ನಮ್ಮ ಊರಿನ ಬಡ್ಡಿಗಿಂತ ಅದು ಕಡಿಮೆಯೇ. ಆದರೂ ನೆಹೆಮೀಯನು ಬಹು ಕೋಪಗೊಂಡು, ಹೊಲಗಳನ್ನು ಆ ದಿನವೇ ಹಿಂದಕ್ಕೆ ಕೊಡಿಸಿದನು. ನೆರೆಯವನ ಮಗಳು ಆಸ್ಪತ್ರೆಯಲ್ಲಿರುವಾಗ ಅವನ ಹೊಲವನ್ನು ಅರ್ಧ ಬೆಲೆಗೆ ಕೇಳುವವನು, “ದೇವರು ನನಗೆ ದಾರಿ ತೆರೆದನು” ಎಂದು ಪ್ರಾರ್ಥನಾಕೂಟದಲ್ಲಿ ಸಾಕ್ಷಿ ಹೇಳದಿದ್ದರೆ ಒಳ್ಳೆಯದು. ಅಂಥ ಸಮಯದಲ್ಲಿ ಕೈಯಲ್ಲಿ ಹಣವುಳ್ಳವನು ಆ ಹೊಲವನ್ನು ಕೊಳ್ಳದೆ, ಬಡ್ಡಿಯಿಲ್ಲದೆ ಕೈಗಡ ಕೊಟ್ಟು ಅವನಿಗೇ ಉಳಿಸಿಕೊಡುವದೂ ಭೂಮಿಯಲ್ಲಿ ಹಣ ಹಾಕುವ ಒಂದು ವಿಧವೇ.

ಕ್ರಯವೆಲ್ಲಾ ಮುಗಿದ ಮೇಲೆ ಯೆರೆಮೀಯನು ಪ್ರಾರ್ಥಿಸಿದನು. ಆ ಪ್ರಾರ್ಥನೆಯನ್ನು ಓದುವವನಿಗೆ ಆಶ್ಚರ್ಯವಾಗುತ್ತದೆ. ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದ ನಿನಗೆ ಅಸಾಧ್ಯವಾದದ್ದಿಲ್ಲವೆಂದು ಆರಂಭಿಸಿದವನು, ಕಡೆಗೆ ಗೋಡೆಯ ಹೊರಗಿನ ಮಣ್ಣಿನ ದಿಬ್ಬಗಳನ್ನು ತೋರಿಸಿ, ಪಟ್ಟಣವು ಕಸ್ದೀಯರ ಕೈಸೇರುತ್ತಿದೆ, ನೀನಾದರೋ ಹಣಕೊಟ್ಟು ಹೊಲವನ್ನು ಕೊಂಡುಕೋ ಅಂದಿಯಲ್ಲಾ ಎಂದು ನಿಲ್ಲಿಸಿಬಿಡುತ್ತಾನೆ. ಅವನಿಗೆ ಎಲ್ಲವೂ ತಿಳಿದಿರಲಿಲ್ಲ. ರುಜು ಹಾಕಿದ ಕೈ ಇನ್ನೂ ನಡುಗುತ್ತಿತ್ತೆಂದು ನಾನು ನೆನಸುತ್ತೇನೆ. ಆದದರಿಂದ, ಕೊಂಡ ಮೇಲೆ ಕೆಲವು ರಾತ್ರಿ ನಿದ್ದೆ ಬಾರದವರೂ, ಕೊಳ್ಳದೆ ಬಿಟ್ಟು ಆ ಮೇಲೆ ಮನಸ್ಸಿನಲ್ಲಿ ಕೊರಗುವವರೂ, ತಮ್ಮ ವಿಶ್ವಾಸವು ಕೆಟ್ಟುಹೋಯಿತೆಂದು ಭಯಪಡಬೇಡಿರಿ. ಪ್ರವಾದಿಯು ಮಾಡಿದಂತೆ ಮಾಡಿರಿ. ತಿಳಿಯದ್ದನ್ನು ತಿಳಿಯಲಿಲ್ಲವೆಂದೇ ದೇವರ ಮುಂದೆ ಹೇಳಿರಿ. ಯೆಹೋವನು ಅವನ ಮೇಲೆ ಸಿಟ್ಟಾಗಲಿಲ್ಲ. ಬೆನ್ಯಾಮೀನ್ ಸೀಮೆಯಲ್ಲಿಯೂ ಯೆಹೂದದ ಊರುಗಳಲ್ಲಿಯೂ ಮತ್ತೆ ಹೊಲಗಳ ಕ್ರಯ ನಡೆಯುವದೆಂದು, ಪತ್ರ ಬರೆದು ಮುದ್ರೆ ಹಾಕುವರೆಂದು ಅವನಿಗೆ ಉತ್ತರಕೊಟ್ಟನು.

ಪಟ್ಟಣವು ಬಿತ್ತು, ದೇವಾಲಯವು ಸುಟ್ಟುಹೋಯಿತು. ಯೆರೆಮೀಯನನ್ನು ಅವನ ಜನರೇ ಐಗುಪ್ತಕ್ಕೆ ಎಳೆದುಕೊಂಡು ಹೋದರು. ಅನಾತೋತಿನ ಹೊಲದಲ್ಲಿ ಅವನು ಕಾಲಿಟ್ಟನೆಂದು ಎಲ್ಲಿಯೂ ಬರೆದಿಲ್ಲ. ಕ್ರಿಸ್ತಪೂರ್ವ 539ರಲ್ಲಿ ಪಾರಸಿಯ ಅರಸನಾದ ಕೋರೆಷನು ಬಾಬೆಲನ್ನು ಹಿಡಿದು, ಸೆರೆಯವರಿಗೆ ಊರಿಗೆ ಹೋಗುವ ಅಪ್ಪಣೆ ಕೊಟ್ಟನು. ಹಾಗೆ ತಿರುಗಿ ಬಂದವರ ಪಟ್ಟಿಯು ಎಜ್ರನ ಎರಡನೆಯ ಅಧ್ಯಾಯದಲ್ಲಿದೆ. ಊರೂರಿನ ಹೆಸರು, ಜನರ ಸಂಖ್ಯೆ. ಗಟ್ಟಿಯಾಗಿ ಓದುವವರಿಗೆ ಬೇಸರ ಹುಟ್ಟಿಸುವ ಪಟ್ಟಿ. 23ನೆಯ ವಚನದಲ್ಲಿ ನಿಲ್ಲಿರಿ. ಅನಾತೋತಿನವರು, 128.